ಫೋನ್ ಜಪ್ತಿ: ನಿಯಮವಿದೆ, ಮುರಿದರೆ ಏನು?

ಮಾನ್ಯ ಸಂಪಾದಕರೇ,

ಬಂಧಿತನ ಮೊಬೈಲ್ ಜಾಲಾಡಲು ಅಮೆರಿಕದ ಪೊಲೀಸರಿಗೆ ಸಾಮಾನ್ಯವಾಗಿ ವಾರಂಟ್ ಬೇಕು. 2014ರ ರೈಲಿ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಬ್ರಿಟನ್ನಿನ ಜಾಡೇ ಬೇರೆ. 2000ದ ತನಿಖಾಧಿಕಾರ ನಿಯಂತ್ರಣ ಕಾಯ್ದೆಯಡಿ ನೋಟಿಸ್ ಕೊಟ್ಟರೂ ಪಾಸ್‌ವರ್ಡ್ ಹೇಳದಿದ್ದರೆ 2 ವರ್ಷ, ರಾಷ್ಟ್ರೀಯ ಭದ್ರತೆಯಂಥ ಪ್ರಕರಣಗಳಲ್ಲಿ 5 ವರ್ಷದವರೆಗೆ ಜೈಲು!

ನಮ್ಮಲ್ಲಿ ಸುಪ್ರೀಂ ಕೋರ್ಟಿನ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ (2010) ತೀರ್ಪು ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆಯನ್ನು ತಡೆಯಿತು. ಪಾಸ್‌ವರ್ಡ್ ಕೊಡುವುದು ಮಾತ್ರ ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿದಂತಲ್ಲ ಎಂದು 2021ರಲ್ಲಿ ನಮ್ಮ ಹೈಕೋರ್ಟ್ ಹೇಳಿದೆ.

ನಿಜವಾದ ತೊಡಕು ಬೇರೆಡೆ ಇದೆ. ಶೋಧ, ಜಪ್ತಿ, ಪಟ್ಟಿ ತಯಾರಿ, ಪಂಚರ ಸಹಿ ಎಲ್ಲವನ್ನೂ ವಿಡಿಯೊ ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 105ನೇ ಸೆಕ್ಷನ್ ಹೇಳುತ್ತದೆ. ಕಳಿಸದಿದ್ದರೆ? ಸೆಕ್ಷನ್ ಮೌನ. ಶೋಧ ಅಕ್ರಮವಾದ ಮಾತ್ರಕ್ಕೆ ಸಾಕ್ಷ್ಯ ಬಿದ್ದುಹೋಗದು ಎಂಬ ಸುಪ್ರೀಂ ಕೋರ್ಟಿನ 1973ರ ಪೂರಣ್ ಮಲ್ ತೀರ್ಪು ಬೇರೆ ಇದೆ. ಠಾಣೆಯಲ್ಲೇ ಫೋನ್ ತೆರೆದು ನೋಡಿದರೆ ಒಳಗಿನ ದತ್ತಾಂಶ ಬದಲಾಗುತ್ತದೆ. ಆಮೇಲೆ ತೆಗೆದ ಹ್ಯಾಶ್ ಮೌಲ್ಯ (ದತ್ತಾಂಶದ ಡಿಜಿಟಲ್ ಬೆರಳಚ್ಚು) ಆ ಬದಲಾದ ಸ್ಥಿತಿಯನ್ನಷ್ಟೇ ಸಾಬೀತುಪಡಿಸುತ್ತದೆ.

ಅಕ್ರಮವಾಗಿ ಪಡೆದ ಸಾಕ್ಷ್ಯವನ್ನು ಸಾಮಾನ್ಯವಾಗಿ ತಳ್ಳಿಹಾಕುವ ಅಮೆರಿಕದಷ್ಟು ಕಠಿಣವಾಗುವುದು ಬೇಡ. ವಿಚಾರಣೆಯ ನ್ಯಾಯಪರತೆಗೆ ಧಕ್ಕೆ ತರುವ ಸಾಕ್ಷ್ಯವನ್ನು ಕೈಬಿಡಲು ಬ್ರಿಟನ್ನಿನ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆಯ 78ನೇ ಸೆಕ್ಷನ್ ನ್ಯಾಯಾಧೀಶರಿಗೆ ಅಧಿಕಾರ ಕೊಟ್ಟಿದೆ. ಅಂಥದ್ದೊಂದು ಸೆಕ್ಷನ್ ನಮ್ಮ ಸಾಕ್ಷ್ಯ ಅಧಿನಿಯಮಕ್ಕೂ ಸೇರಲಿ.

– ಓದುಗ, ಧಾರವಾಡ