ಗಸಗಸೆ ಬೇಡ ಅಂದ ಅಣ್ಣನಿಗೆ

ಕಾಸರಗೋಡು ಹೊಸ ಬಸ್‌ಸ್ಟ್ಯಾಂಡ್ ಹತ್ತಿರದ ಜೀನಸು ಅಂಗಡಿಯಲ್ಲಿ ಸಿಕ್ಕಿದ ಅಣ್ಣಾ, ನಿಮಗೆ ತುಂಬಾ ಥ್ಯಾಂಕ್ಸ್. ಹೆಸರು ಕೇಳಲು ಪುರುಸೊತ್ತೇ ಆಗಲಿಲ್ಲ.

ಶಾರ್ಜಾದಲ್ಲಿರುವ ಅಕ್ಕನ ಬಾಣಂತನಕ್ಕೆಂದು ಅಮ್ಮ ಗಸಗಸೆ ತೂಗಿಸುತ್ತಿದ್ದರು. "ಗಲ್ಫಿಗಾ ಅಕ್ಕಾ? ಇದು ಬೇಡ. ಅಲ್ಲಿ ನಿಷೇಧ ಉಂಟು, ಸಿಕ್ಕಿದರೆ ಜೈಲು" ಅಂದಿರಿ. ಪಾಯಸದ ಸಾಮಾನಿಗೆ ಜೈಲಾ ಅಂತ ಅಮ್ಮ ವಾದಕ್ಕೇ ನಿಂತರು! ನೀವು ಬೇಜಾರು ಮಾಡಿಕೊಳ್ಳಲಿಲ್ಲ. ಅದು ಅಫೀಮು ಗಿಡದ ಬೀಜ, ಯುಎಇಯಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ ಅಂತ ಬಿಡಿಸಿ ಹೇಳಿದಿರಿ. ಚೀಲದಲ್ಲಿದ್ದ ಮಸಾಲೆ ಪ್ಯಾಕೆಟ್ ತಿರುಗಿಸಿ, ಹಿಂದೆ ಸಣ್ಣಕ್ಷರದಲ್ಲಿದ್ದ ಗಸಗಸೆಯನ್ನೂ ತೋರಿಸಿದಿರಿ. ಅದನ್ನೆಲ್ಲ ಯಾರು ಓದುತ್ತಾರೆ, ಅಲ್ವಾ? ಕೆಲವು ನೋವಿನ ಮಾತ್ರೆ, ಕೆಮ್ಮಿನ ಸಿರಪ್ಪಿಗೂ ಅಲ್ಲಿ ಮೊದಲೇ ಅನುಮತಿ ಬೇಕಂತೆ. ಅದೂ ನಿಮ್ಮಿಂದಲೇ ಗೊತ್ತಾದದ್ದು.

ಅಮ್ಮ ಸುಖವಾಗಿ ತಲುಪಿದರು. ಇದನ್ನು ಓದಿದರೆ ಒಂದು ಮಾತು ಹೇಳಿ, ಅವರಿಗೆ ನಿಮ್ಮ ಹತ್ತಿರ ಮಾತಾಡಬೇಕಂತೆ.