ಆ ಕಾದಂಬರಿಗಳು ನಿಜವಾಗುವುವೇ: ಲೈಪ್‌ಜಿಗ್‌ನಿಂದ ಉಡುಪಿಗೆ ಒಂದು ಪತ್ರ

ಲೈಪ್‌ಜಿಗ್, ಜರ್ಮನಿ

ತೀರ್ಥರೂಪ ಅಪ್ಪಯ್ಯನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ನೀವೂ ಅಮ್ಮನೂ ಆರೋಗ್ಯವಾಗಿದ್ದೀರೆಂದು ತಿಳಿದು ಸಮಾಧಾನವಾಯಿತು. ಅಕ್ಕನ ಮಗ ಕಾಲೇಜಿನ ಪಾಠಕ್ಕೆಂದು, ಸರಕಾರವೇ ಎಲ್ಲರ ಮೇಲೆ ಸದಾ ಕಣ್ಣಿಟ್ಟಿರುವ ದೇಶದ ಕಥೆಯಾದ ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿ ಓದಿದ ಮೇಲೆ, ಇನ್ನು ಹತ್ತು ವರ್ಷಗಳಲ್ಲಿ ನಾವೆಲ್ಲ ಹೀಗೆಯೇ ಬದುಕಬೇಕಾಗುತ್ತದೆ ಎಂದು ಊಟಕ್ಕೆ ಕುಳಿತಾಗಲೆಲ್ಲ ವಾದಿಸುತ್ತಾನೆಂದೂ, ಎಮರ್ಜೆನ್ಸಿಯನ್ನೇ ಕಂಡವರು ಕಾದಂಬರಿಗೆ ಹೆದರುವುದುಂಟೇ ಎಂದು ನೀವು ಅವನ ಬಾಯಿ ಮುಚ್ಚಿಸಿದಿರೆಂದೂ, ಇಬ್ಬರಲ್ಲಿ ಯಾರ ಮಾತು ಸರಿಯೆಂದು ನಾನು ಹೇಳಬೇಕೆಂದೂ ಬರೆದಿದ್ದೀರಿ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಕಾಗದದಲ್ಲೇ ಉತ್ತರಿಸುತ್ತಿದ್ದೇನೆ.

ಇಂಥ ಕಾದಂಬರಿಗಳನ್ನು ಬರೆದವರು ಮುಂದಿನ ಕಾಲದ ಜಾತಕ ಹೇಳಲು ಕುಳಿತವರಲ್ಲ. ತಮ್ಮ ಕಣ್ಣೆದುರಿಗೆ ನಡೆಯುತ್ತಿದ್ದುದನ್ನೇ ತುಸು ಮುಂದಕ್ಕೆ ಎಳೆದು ತೋರಿಸಿದವರು. ಎಲ್ಲರೂ ಗಾಜಿನ ಗೋಡೆಯ ಮನೆಗಳಲ್ಲಿ, ಹೆಸರಿಗೆ ಬದಲಾಗಿ ಸಂಖ್ಯೆ ಹೊತ್ತು ಬದುಕುವ ‘ನಾವು’ ಎಂಬ ಕಾದಂಬರಿಯನ್ನು 1920–21ರಲ್ಲಿ ಬರೆದ ರಷ್ಯಾದ ಯೆವ್ಗೆನಿ ಜಮ್ಯಾತಿನ್, ತ್ಸಾರನ ಕಾಲದ ಜೈಲನ್ನೂ ಕ್ರಾಂತಿಯ ನಂತರದ ಜೈಲನ್ನೂ ಕಂಡಿದ್ದವನು. ಆ ಪುಸ್ತಕ ಅವನ ದೇಶದಲ್ಲಿ ಅಚ್ಚಾಗಲು 1988ರವರೆಗೆ ಕಾಯಬೇಕಾಯಿತು. ಆರ್ವೆಲ್ ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ಬರ್ಮಾದಲ್ಲಿ ಬ್ರಿಟಿಷರ ಪೊಲೀಸ್ ಅಧಿಕಾರಿಯಾಗಿದ್ದು ಕಾವಲಿನ ಕೆಲಸವನ್ನು ಒಳಗಿನಿಂದಲೇ ಕಂಡವನು. ಯುದ್ಧಕಾಲದಲ್ಲಿ ಸೆನ್ಸಾರ್‌ನ ಕೈಕೆಳಗೆ ಭಾರತದ ಕೇಳುಗರಿಗಾಗಿ ಬಿಬಿಸಿಯಲ್ಲಿ ಭಾಷಣಗಳನ್ನು ಸಿದ್ಧಪಡಿಸಿದವನು. ಅವನ ಕಾದಂಬರಿ ಬಂದದ್ದು 1949ರಲ್ಲಿ. ಹೆಣ್ಣುಮಕ್ಕಳ ಹಕ್ಕುಗಳನ್ನೆಲ್ಲ ಕಿತ್ತುಕೊಂಡ ಆಡಳಿತದ ಕಥೆಯಾದ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಬರೆದ ಮಾರ್ಗರೆಟ್ ಆಟ್‌ವುಡ್ ಅಂತೂ, ಇತಿಹಾಸದಲ್ಲಿ ಎಲ್ಲಿಯೂ ನಡೆಯದಿದ್ದ ಯಾವುದನ್ನೂ ಪುಸ್ತಕದಲ್ಲಿ ಸೇರಿಸಬಾರದೆಂದು ತನಗೆ ತಾನೇ ನಿಯಮ ಹಾಕಿಕೊಂಡಿದ್ದರು. ಹೀಗಿರುವಾಗ, ಒಮ್ಮೆ ಎಲ್ಲೋ ನಡೆದುಹೋದದ್ದು ಮತ್ತೊಮ್ಮೆ ನಡೆಯಬೇಕಾದರೆ ಏನೇನು ಬೇಕಾಗುತ್ತದೆ ಎಂದು ಕೇಳುವುದೇ ಸರಿಯಾದ ಪ್ರಶ್ನೆಯೆಂದು ನನಗೆ ತೋರುತ್ತದೆ.

ಈ ಊರಿನಲ್ಲಿ ಅದು ನಡೆದದ್ದು ನನ್ನ ವಯಸ್ಸಿನವರ ತಂದೆತಾಯಿಯರ ಕಾಲದಲ್ಲಿ. ಪೂರ್ವ ಜರ್ಮನಿಯ ರಹಸ್ಯ ಪೊಲೀಸ್ ಇಲಾಖೆಯಾಗಿದ್ದ ಸ್ಟಾಸಿಯ ಹಳೆಯ ಜಿಲ್ಲಾ ಕಚೇರಿಯಲ್ಲಿ, ಅಂಚೆಯ ಲಕೋಟೆಗಳನ್ನು ಗೊತ್ತಾಗದಂತೆ ತೆರೆದು ಮತ್ತೆ ಅಂಟಿಸುತ್ತಿದ್ದ ಯಂತ್ರಗಳನ್ನು ನಾನು ನೋಡಿದ್ದೇನೆ. ಅವುಗಳಿಗಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಗಾಜಿನ ಭರಣಿ. ನಮ್ಮ ಉಪ್ಪಿನಕಾಯಿ ಭರಣಿಯಷ್ಟೇ ಗಾತ್ರದ್ದು. ಒಳಗೆ ಮಡಚಿಟ್ಟ ಹಳದಿ ಬಟ್ಟೆಯ ತುಂಡು, ಹೊರಗೆ ಒಂದು ಚೀಟಿ. ಅನುಮಾನಕ್ಕೆ ಗುರಿಯಾದವರನ್ನು ವಿಚಾರಣೆಗೆ ಕರೆದು ಆ ಬಟ್ಟೆ ಹಾಸಿದ ಕುರ್ಚಿಯ ಮೇಲೆ ಕೂರಿಸಿ, ಮೈಯ ವಾಸನೆಯನ್ನು ಬಟ್ಟೆಗೆ ಹಿಡಿಸಿ, ಮುಂದೆಂದಾದರೂ ನಾಯಿಗಳಿಗೆ ಮೂಸಿಸಲು ಬೇಕಾದೀತೆಂದು ಮುಚ್ಚಿಡುತ್ತಿದ್ದರಂತೆ. ಆರ್ವೆಲ್‌ನಿಗೂ ಹೊಳೆಯದ ಉಪಾಯವಿದು.

ಆದರೆ ಆ ವ್ಯವಸ್ಥೆಗೊಂದು ಮಿತಿಯಿತ್ತು. ಸುಮಾರು 1.6 ಕೋಟಿ ಜನರನ್ನು ಕಾಯಲು 1989ರಲ್ಲಿ ಸ್ಟಾಸಿಗೆ 91,000ದಷ್ಟು ಪೂರ್ಣಾವಧಿ ನೌಕರರೂ 1.7 ಲಕ್ಷಕ್ಕೂ ಹೆಚ್ಚು ಮಂದಿ ಗುಪ್ತ ಮಾಹಿತಿದಾರರೂ ಬೇಕಾಗಿದ್ದರು. ಉಳಿದುಕೊಂಡಿರುವ ಕಡತಗಳನ್ನು ಸಾಲಾಗಿ ಇಟ್ಟರೆ 111 ಕಿಲೋಮೀಟರ್ ಆಗುತ್ತದೆ. ಉಡುಪಿಯಿಂದ ಮಂಗಳೂರಿಗೆ ಹೋಗಿ ಮರಳುವಷ್ಟು ದೂರವೆಂದು ಇಟ್ಟುಕೊಳ್ಳಿ. ಕದ್ದು ಕೇಳಲು ಒಬ್ಬ, ಬರೆದುಕೊಳ್ಳಲು ಒಬ್ಬ, ಬರೆದದ್ದನ್ನು ಓದಲು ಮತ್ತೊಬ್ಬ. ಸಂಗ್ರಹಿಸಿದ್ದು ರಾಶಿ ಬಿದ್ದಿತ್ತೇ ಹೊರತು ಅದನ್ನು ಅರಗಿಸಿಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. 1989ರ ಅಕ್ಟೋಬರ್ 9ರಂದು ಇದೇ ಊರಿನ ಬೀದಿಗಳಲ್ಲಿ ಸುಮಾರು 70,000 ಜನ ಆ ಆಡಳಿತದ ವಿರುದ್ಧ ಮೆರವಣಿಗೆ ಹೊರಟಾಗ, ಅಷ್ಟೂ ಕಡತಗಳು ಸರಕಾರದ ಕೆಲಸಕ್ಕೆ ಬರಲಿಲ್ಲ. ಕಾದಂಬರಿಯಲ್ಲಿ ಬಿಡುಗಡೆಯ ದಾರಿಯೇ ಇಲ್ಲ, ಇಲ್ಲಿ ಇತ್ತು. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ.

ಇಂದು ಆ ಮಿತಿ ಇಲ್ಲವಾಗಿರುವುದು ಮಾತ್ರ ಹುಡುಗನ ಪಕ್ಷಕ್ಕೆ ಬಲ ಕೊಡುವ ಸಂಗತಿ. ಕೋಟಿ ಕಾಗದಗಳನ್ನು ಓದಲು, ಸಾವಿರ ಕ್ಯಾಮೆರಾಗಳಲ್ಲಿ ಒಂದು ಮುಖ ಹುಡುಕಲು, ಯಾರು ಯಾರೊಡನೆ ಎಷ್ಟು ಹೊತ್ತು ಮಾತನಾಡಿದರೆಂದು ಪಟ್ಟಿ ಮಾಡಲು ಮನುಷ್ಯರೇ ಬೇಕಿಲ್ಲ. ಮಾಹಿತಿಯನ್ನು ಕದಿಯಬೇಕಾಗಿಯೂ ಇಲ್ಲ. ಮಲ್ಪೆಯಲ್ಲಿ ಬಂಗುಡೆ ಕೊಂಡದ್ದಕ್ಕೂ ಕ್ಯುಆರ್ ಕೋಡ್ ತೋರಿಸಿ ಹಣ ಕಳುಹಿಸುವ ನಾವು ಲೆಕ್ಕವನ್ನು ಕೈಯಾರೆ ಬರೆದುಕೊಡುತ್ತಿದ್ದೇವೆ. ಜನರನ್ನು ಹೆದರಿಸದೆ ಸುಖದಲ್ಲಿ ಮುಳುಗಿಸಿಟ್ಟೇ ಆಳಬಹುದೆಂದು ಆಲ್ಡಸ್ ಹಕ್ಸ್‌ಲಿ ಬರೆದ, 1932ರಲ್ಲಿ ಪ್ರಕಟವಾದ ‘ಬ್ರೇವ್ ನ್ಯೂ ವರ್ಲ್ಡ್’ ಅನ್ನೂ ಅವನು ಓದಲಿ. ಅವನ ಕೈಯಿಂದ ಬಿಡದ ಮೊಬೈಲಿನ ಬಗ್ಗೆ ನಾನು ಬೇರೆ ಹೇಳಬೇಕಾಗುವುದಿಲ್ಲ.

ಆದರೂ, ನಮ್ಮ ಕಡೆ ನಿಜವಾಗುತ್ತಿರುವುದು ಇವೆರಡಕ್ಕಿಂತ ಬೇರೆಯದೇ ಎಂದು ನನ್ನ ಅಭಿಪ್ರಾಯ. ಪಕ್ಕದ ಮನೆಯ ದೊಡ್ಡಮ್ಮನ ರೇಷನ್ ವಿಚಾರವನ್ನು ಅಮ್ಮ ಹೇಳಿದಂದಿನಿಂದ ಅದು ನನ್ನ ತಲೆಯಲ್ಲಿ ಕುಳಿತಿದೆ. ಮದುವೆಯಾಗಿ ಬಂದಂದಿನಿಂದ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿದ ಕೈ ಅವರದು. ಒದ್ದೆ ಎಲೆಯನ್ನು ಸುತ್ತಿ, ನೂಲು ಬಿಗಿದು, ತುದಿಯನ್ನು ಒಳಕ್ಕೆ ಮಡಚಿ ಮಡಚಿ ಹೆಬ್ಬೆರಳ ಗೆರೆಗಳೇ ಸವೆದುಹೋಗಿವೆ. ನ್ಯಾಯಬೆಲೆ ಅಂಗಡಿಯ ಯಂತ್ರ ಆ ಬೆರಳನ್ನು ಒಪ್ಪುವುದಿಲ್ಲ; ಸೆರಗಿನಲ್ಲಿ ಒರೆಸಿ ಮತ್ತೆ ಒತ್ತಿದರೂ ಒಪ್ಪುವುದಿಲ್ಲ; ಒಟಿಪಿ ಬರುವ ಮೊಬೈಲ್ ಮಗನ ಜೊತೆ ಮುಂಬಯಿ ಸೇರಿದೆ. ಅಂಗಡಿಯವನು ಅವರ ಕಣ್ಣೆದುರೇ ಬೆಳೆದವನು, ಆದರೆ ಅವನ ಪರಿಚಯಕ್ಕೆ ಯಂತ್ರದಲ್ಲಿ ಒತ್ತುವ ಗುಂಡಿಯಿಲ್ಲ. ‘ನಾಳೆ ಬನ್ನಿ, ಸರ್ವರ್ ಸರಿಯಿಲ್ಲ’ ಎನ್ನುವವನಿಗೂ ಆ ಸರ್ವರ್ ಎಲ್ಲಿದೆಯೆಂದು ಗೊತ್ತಿಲ್ಲ. ಇಲ್ಲಿ ಯಾರೂ ಅವರ ಮೇಲೆ ಕಣ್ಣಿಟ್ಟಿಲ್ಲ. ಯಾರಿಗೂ ಅವರು ಕಾಣಿಸುತ್ತಿಲ್ಲವೆಂಬುದೇ ಕಷ್ಟ.

ಇದನ್ನು ಬರೆದವನು ಆರ್ವೆಲ್ ಅಲ್ಲ, ಪ್ರಾಗ್‌ನ ಫ್ರಾಂಜ್ ಕಾಫ್ಕಾ. ಏಕೆ ಬಂಧಿಸಿದರೆಂದು ಯಾರೂ ಹೇಳದ, ಕಚೇರಿಯಿಂದ ಕಚೇರಿಗೆ ಅಲೆದರೂ ಉತ್ತರ ಕೊಡುವವರೇ ಸಿಗದ ಮನುಷ್ಯನ ಕಥೆಯಾದ ‘ದಿ ಟ್ರಯಲ್’ ಪ್ರಕಟವಾದದ್ದು ಅವನು ತೀರಿಕೊಂಡ ಮರುವರ್ಷ, 1925ರಲ್ಲಿ. ಆತ ಕಾರ್ಮಿಕರ ಅಪಘಾತ ವಿಮೆಯ ಕಚೇರಿಯಲ್ಲಿ ಅಧಿಕಾರಿಯಾಗಿದ್ದು, ಮರ ಹೆರೆಯುವ ಯಂತ್ರಗಳಿಗೆ ಸಿಕ್ಕಿ ಕೆಲಸಗಾರರ ಬೆರಳುಗಳು ತುಂಡಾಗುವುದನ್ನು ತಡೆಯುವ ಬಗ್ಗೆ ವರದಿ ಬರೆದವನು. ಕಚೇರಿಯೆಂಬುದು ಹೇಗೆ ನಡೆಯುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸರ್ವಾಧಿಕಾರಿಯೇ ಇಲ್ಲದೆ, ಕೆಟ್ಟವರೆಂಬವರೇ ಇಲ್ಲದೆ, ಎಲ್ಲರೂ ತಂತಮ್ಮ ಕೆಲಸವನ್ನಷ್ಟೇ ಮಾಡುತ್ತಾ ಒಬ್ಬ ಮುದುಕಿಗೆ ಅಕ್ಕಿ ಸಿಗದಂತೆ ಮಾಡಬಹುದು ಎಂಬುದನ್ನು ನಿಮ್ಮ ಮೊಮ್ಮಗ ಇನ್ನೂ ಓದಿಲ್ಲ.

ಎಮರ್ಜೆನ್ಸಿಯ ಬಗ್ಗೆ ಒಂದು ಮಾತು. ಜನ ಮತ ಹಾಕಿ ಅದನ್ನು ಮುಗಿಸಿದರೆಂಬುದು ನಿಮ್ಮ ವಾದ. ಆದರೆ 1976ರ ಏಪ್ರಿಲ್‌ನಲ್ಲಿ, ಸೆರೆಯಾದವನು ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಕೊಟ್ಟಿದ್ದ ಎಡಿಎಂ ಜಬಲ್ಪುರ್ ತೀರ್ಪು ಚುನಾವಣೆಯಿಂದ ಅಳಿಸಿಹೋಗಲಿಲ್ಲ. ನ್ಯಾಯಪೀಠ ಅದನ್ನು ನೇರವಾಗಿ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಾಗ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಹಳೆಯ ತೀರ್ಪನ್ನು ತಪ್ಪೆಂದು ಬರೆದವರು, ಅದೇ ತೀರ್ಪಿಗೆ ಸಹಿ ಹಾಕಿದ್ದವರೊಬ್ಬರ ಮಗ ಡಿ.ವೈ. ಚಂದ್ರಚೂಡ್. ಪಶ್ಚಿಮ ಜರ್ಮನಿಯಲ್ಲೂ 1983ರ ಜನಗಣತಿಯ ಪ್ರಶ್ನಾವಳಿಯನ್ನು ಜನ ವಿರೋಧಿಸಿ ಕೋರ್ಟಿಗೆ ಹೋದರು. ನಮ್ಮ ಮಾಹಿತಿ ಯಾರ ಕೈಗೆ ಹೋಗಬೇಕೆಂದು ತೀರ್ಮಾನಿಸುವ ಹಕ್ಕು ನಮ್ಮದೇ ಎಂದು ಆ ಡಿಸೆಂಬರ್‌ನಲ್ಲಿ ತೀರ್ಪಾಯಿತು, ಗಣತಿ 1987ಕ್ಕೆ ಮುಂದೆ ಹೋಯಿತು. ಆರ್ವೆಲ್ ಹೆಸರಿಸಿದ ವರ್ಷ ಹೊಸ್ತಿಲಲ್ಲೇ ಇದ್ದುದರಿಂದ, ಅಂದಿನ ಚಳವಳಿಗಾರರ ಬಾಯಲ್ಲಿ ಆ ಕಾದಂಬರಿಯೂ ಇತ್ತು. ಪುಸ್ತಕ ಓದಿ ಹೆದರಿದವರು ಇದ್ದುದರಿಂದಲೇ ಅಲ್ಲಿ ಅದು ಅಷ್ಟು ಸುಲಭವಾಗಿ ನಿಜವಾಗಲಿಲ್ಲವೆಂದು ನಾನು ತಿಳಿದಿದ್ದೇನೆ. ಆದ್ದರಿಂದ ಹುಡುಗ ಹೆದರಲಿ ಬಿಡಿ. ಊಟದ ಹೊತ್ತಿಗೆ ಮಾತ್ರ ಬೇಡವೆನ್ನಿ.

ತೀರ್ಪಿನಿಂದ ದೊಡ್ಡಮ್ಮನಿಗೆ ತಾನಾಗಿ ಅಕ್ಕಿ ಬರುವುದಿಲ್ಲವಾದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಒಬ್ಬ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು. ಬೆರಳಚ್ಚು ಮೂಡುವುದಿಲ್ಲ, ಕಣ್ಣಿನ ಪಾಪೆಯ ಗುರುತಿನಿಂದಲೋ ಬೇರೆ ದಾಖಲೆಯಿಂದಲೋ ಪಡಿತರ ಕೊಡಬೇಕು ಎಂದು ಆ ಅಧಿಕಾರಿಯ ಹೆಸರಿಗೆ ಒಂದು ಅರ್ಜಿ ಬರೆದು, ದೊಡ್ಡಮ್ಮನ ಸಹಿ ಹಾಕಿಸಿ, ನೀವೇ ಜೊತೆಗೆ ಹೋಗಿ ಕೊಟ್ಟು ಬನ್ನಿ. ಬಾಯಿಮಾತಿನ ಭರವಸೆಗೆ ಒಪ್ಪದೆ, ಪ್ರತಿಯ ಮೇಲೆ ಸ್ವೀಕೃತಿಯ ಮೊಹರನ್ನೂ ತಾರೀಕನ್ನೂ ಹಾಕಿಸಿಕೊಳ್ಳಿ. ಆಧಾರ್‌ಗೆ ಮಗನ ನಂಬರಿನ ಬದಲು ಮನೆಯಲ್ಲೇ ಇರುವ ಒಂದು ನಂಬರನ್ನು ಸೇರಿಸುವುದಕ್ಕೂ ಅಂದೇ ಕೇಳಿ ನೋಡಿ. ಅವರು ಏನೆಂದರೆಂದು ಮುಂದಿನ ಕಾಗದದಲ್ಲಿ ತಿಳಿಸಿ.

ಅಮ್ಮನಿಗೆ ನಮಸ್ಕಾರಗಳು.

ಇಂತಿ ನಿಮ್ಮ ಮಗಳು