ಮೊಬೈಲ್ ನಂಬರಿಗೆ ಇರುವ ಅನುಕೂಲ ಮನೆ ಫೋನಿಗೆ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ.

ಮೊಬೈಲ್ ಕಂಪನಿ ಸರಿ ಬರಲಿಲ್ಲ ಅಂದರೆ 1900ಕ್ಕೆ ಒಂದು ಮೆಸೇಜ್ ಹಾಕುತ್ತೇವೆ, ಎಂಟು ಅಕ್ಷರದ ಕೋಡ್ ಬರುತ್ತದೆ, ಅದನ್ನು ತೋರಿಸಿ ಇನ್ನೊಂದು ಕಂಪನಿಗೆ ಹೋದರೆ ನಂಬರ್ ನಮ್ಮ ಹಿಂದೆಯೇ ಬರುತ್ತದೆ. ಈ ಅನುಕೂಲ ದೇಶದ ತುಂಬ ಬಂದಿದ್ದು 2011ರ ಜನವರಿಯಲ್ಲಿ. 2015ರ ಜುಲೈನಿಂದ ಬೇರೆ ರಾಜ್ಯಕ್ಕೆ ಹೋದರೂ ಅದೇ ನಂಬರ್ ಇಟ್ಟುಕೊಳ್ಳಬಹುದು. ಮನೆಯ ಲ್ಯಾಂಡ್‌ಲೈನಿಗೆ ಮಾತ್ರ ಇದ್ಯಾವುದೂ ಇಲ್ಲ. ಹಳೆ ತಂತಿ ತೆಗೆಸಿ ಬೇರೆ ಕಂಪನಿಯ ಫೈಬರ್ ಹಾಕಿಸಿಕೊಂಡರೆ ನಂಬರ್ ಹೋಯಿತು ಅಂತಲೇ ಲೆಕ್ಕ.

ಈ ಕಾಲದಲ್ಲಿ ಲ್ಯಾಂಡ್‌ಲೈನ್ ಯಾರಿಗೆ ಬೇಕು ಅಂತ ನಗುವವರು ವಿಜಯಪುರದಲ್ಲಿ ಒಂದು ಸುತ್ತು ಹಾಕಿ ಬರಲಿ. ಅಡತಿ ಅಂಗಡಿಯ ಬೋರ್ಡು, ಬಿಲ್ ಬುಕ್ಕು, ಡಾಕ್ಟರ ಚೀಟಿ, ಎಲ್ಲದರ ಮೇಲೂ ಊರಿನ ಎಸ್‌ಟಿಡಿ ಕೋಡ್ 08352 ಇನ್ನೂ ಕಾಣುತ್ತದೆ. ನಮ್ಮದು ಒಣದ್ರಾಕ್ಷಿ ವ್ಯಾಪಾರದ ಮನೆ. ತಂದೆಯವರ ಕಾಲದ ನಂಬರ್, ಮೊದಲು ಐದು ಅಂಕಿ ಇತ್ತು, ಆಮೇಲೆ ಮುಂದೆ 2 ಸೇರಿ ಆರಾಯಿತು. ತಿಕೋಟಾ ಕಡೆಯ ರೈತರು, ಸಾಂಗ್ಲಿ, ತಾಸಗಾಂವದ ವ್ಯಾಪಾರಸ್ಥರು ಇವತ್ತಿಗೂ ಅದಕ್ಕೇ ಫೋನ್ ಹಚ್ಚುತ್ತಾರೆ. ನನ್ನ ಮೊಬೈಲ್ ನಂಬರ್ ಅವರ ಹತ್ತಿರ ಇಲ್ಲ ಅಂತಲ್ಲ. ಆ ನಂಬರಿನಲ್ಲಿ ಮನೆಯಲ್ಲಿ ಯಾರಾದರೂ ಎತ್ತುತ್ತಾರೆ ಅನ್ನುವ ನಂಬಿಕೆ, ಅಷ್ಟೇ.

ಇತ್ತೀಚೆಗೆ ತಂತಿ ಲೈನಿನಲ್ಲಿ ಗರಗರ ಜಾಸ್ತಿಯಾಯಿತು. ರಸ್ತೆ ಅಗೆದಾಗಲೆಲ್ಲ ಕೇಬಲ್ ಕಟ್. ಸಾಕಾಗಿ ಒಂದು ಇಂಟರ್ನೆಟ್ ಕಂಪನಿಯವರನ್ನು ಕರೆಸಿದೆವು, ಹೆಸರು ಇಲ್ಲಿ ಬೇಡ. ಹುಡುಗ ಬಂದು ಫೈಬರ್ ಎಳೆದು, ಗೋಡೆಗೆ ಲೈಟು ಮಿನುಗುವ ಬಿಳಿ ಡಬ್ಬಿ ಹೊಡೆದ. ಡಬ್ಬಿಯ ಹಿಂದೆ ಫೋನಿಗೆ ಅಂತಲೇ ಒಂದು ಸಣ್ಣ ತೂತು ಇದೆ. ನಮ್ಮ ಹಳೆ ಫೋನಿನ ವೈರನ್ನು ಹಳೆ ಸಾಕೆಟ್ಟಿನಿಂದ ಕಿತ್ತು ಅದರಲ್ಲಿ ಸಿಕ್ಕಿಸಿದ, ಡಯಲ್ ಟೋನ್ ಬಂದೇಬಿಟ್ಟಿತು. ಅದೇ ಫೋನು, ಅದೇ ಸ್ಟೂಲು, ದನಿ ಮೊದಲಿಗಿಂತ ಸ್ವಚ್ಛ. ನಂಬರ್ ಮಾತ್ರ ಬೇರೆ. ಹಳೇದನ್ನೇ ಹಾಕಿಕೊಡಿ ಅಂದರೆ, "ಹೊಸಾದು ಕೊಡ್ತೀವ್ರಿ, ಹಳೇದು ಬರಂಗಿಲ್ಲ" ಅಂದ. ಅವನನ್ನು ಬೈದು ಏನು ಮಾಡುವುದು, ನಿಯಮವೇ ಇಲ್ಲ.

ಹಿಂದೆ ಇದಕ್ಕೆ ಕಾರಣವಿತ್ತು. ಎಕ್ಸ್‌ಚೇಂಜಿನಿಂದ ಮನೆವರೆಗೆ ಎಳೆದ ಒಂದು ಜೋಡಿ ತಂತಿಗೆ ಒಂದು ನಂಬರ್ ಅಂತ ಕಟ್ಟಿಹಾಕಿರುತ್ತಿದ್ದರು, ತಂತಿ ಬಿಟ್ಟರೆ ನಂಬರಿಗೆ ನೆಲೆಯೇ ಇರಲಿಲ್ಲ. ಈಗ ಮಾತೆಲ್ಲ ಡೇಟಾ ಆಗಿ ಇಂಟರ್ನೆಟ್ ದಾರಿಯಲ್ಲಿ ಹೋಗುತ್ತದೆ. ನಂಬರ್ ಅಂದರೆ ಕಂಪ್ಯೂಟರಿನ ಪಟ್ಟಿಯಲ್ಲಿ ಒಂದು ಸಾಲು. ಅದು ಇವತ್ತು ಈ ಕಂಪನಿ, ನಾಳೆ ಆ ಕಂಪನಿ ಅಂತ ತಿದ್ದಿದರೆ ಕೆಲಸ ಮುಗಿಯಿತು. ಮೊಬೈಲಿಗೆ ಇಷ್ಟು ವರ್ಷದಿಂದ ಇದನ್ನೇ ಮಾಡುತ್ತಿದ್ದಾರೆ, ಅಲ್ವಾ?

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಅಲ್ಲಿನ ಮನೆ ಫೋನಿನ ನಂಬರನ್ನು ಇಂಟರ್ನೆಟ್ ಫೋನಿಗೆ ಹೀಗೇ ಒಯ್ದ. ಅಲ್ಲಿ 1996ರ ಕಾನೂನಿನಲ್ಲೇ ಜನರಿಗೆ ಈ ಹಕ್ಕು ಕೊಟ್ಟಿದ್ದಾರೆ, 2007ರಲ್ಲಿ ಇಂಟರ್ನೆಟ್ ಫೋನ್ ಕಂಪನಿಗಳನ್ನೂ ಅದರೊಳಗೆ ತಂದರು. ಹೆಚ್ಚು ತೊಡಕಿಲ್ಲದ ಅರ್ಜಿಯಾದರೆ ಒಂದೇ ಕೆಲಸದ ದಿನದಲ್ಲಿ ಮುಗಿಸಬೇಕು ಅಂತ ನಿಯಮವಿದೆ. ಅವನು ಹೇಳಿದ ಎರಡು ಮಾತು: ಅರ್ಜಿಯಲ್ಲಿ ಹೆಸರು, ವಿಳಾಸ ಹಳೆ ಬಿಲ್ಲಿನಲ್ಲಿ ಇದ್ದಂತೆಯೇ ಇರಬೇಕು, ಮತ್ತು ನಂಬರ್ ಬಂದು ಮುಟ್ಟುವವರೆಗೆ ಹಳೆ ಕನೆಕ್ಷನ್ ಬಂದ್ ಮಾಡಿಸಬಾರದು.

ನಮ್ಮಲ್ಲೂ 2018ರಲ್ಲಿ ಇಂಟರ್ನೆಟ್ ಟೆಲಿಫೋನಿಗೆ ಒಪ್ಪಿಗೆ ಸಿಕ್ಕಿದೆ. 2025ರ ಫೆಬ್ರವರಿಯಲ್ಲಿ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸಂಸ್ಥೆ ಟ್ರಾಯ್, ಲ್ಯಾಂಡ್‌ಲೈನ್ ನಂಬರುಗಳನ್ನು ಊರು ಊರಿನ ಲೆಕ್ಕ ಬಿಟ್ಟು ಇಡೀ ಸರ್ಕಲ್ಲಿನ (ಹೆಚ್ಚುಕಡಿಮೆ ಒಂದು ರಾಜ್ಯದಷ್ಟು ಪ್ರದೇಶ) ಲೆಕ್ಕಕ್ಕೆ ತಂದು ಹತ್ತು ಅಂಕಿಯ ಪದ್ಧತಿ ಮಾಡಿ ಅಂತ ಸರಕಾರಕ್ಕೆ ಶಿಫಾರಸು ಮಾಡಿತು. ಊರಿನ ಗಂಟು ಬಿಚ್ಚುವುದಾದರೆ ಕಂಪನಿಯ ಗಂಟನ್ನೂ ಜೊತೆಗೇ ಬಿಚ್ಚಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಂಸದರು ಲೋಕಸಭೆಯಲ್ಲಿ ಈ ಪ್ರಶ್ನೆ ಕೇಳಬೇಕು. ಸಣ್ಣ ವಿಷಯ ಅಂತ ಸುಮ್ನೆ ಬಿಡಬಾರದು.

ಇನ್ನೊಂದು ಮಾತು, ಇದನ್ನು ಯಾವ ಕಂಪನಿಯೂ ಮುಂಚೆ ಬಾಯಿಬಿಟ್ಟು ಹೇಳುವುದಿಲ್ಲ. ತಂತಿ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಕರೆಂಟ್ ಬರುತ್ತಿತ್ತು, ಮನೆಯಲ್ಲಿ ಕತ್ತಲಿದ್ದರೂ ರಿಂಗ್ ಆಗುತ್ತಿತ್ತು. ಫೈಬರ್ ಡಬ್ಬಿ ಹಾಗಲ್ಲ, ಕರೆಂಟ್ ಹೋದರೆ ಫೋನೂ ಹೋಯಿತು. ವಯಸ್ಸಾದವರು ಒಬ್ಬರೇ ಇರುವ ಮನೆಯಾದರೆ ಡಬ್ಬಿಗೆ ಒಂದು ಸಣ್ಣ ಯುಪಿಎಸ್ ಹಾಕಿಸಲೇಬೇಕು. ಕನೆಕ್ಷನ್ ಕೊಡುವಾಗಲೇ ಇದನ್ನು ತಿಳಿಸುವುದು ಕಡ್ಡಾಯವಾಗಲಿ.

ಸದ್ಯಕ್ಕೆ ನಮ್ಮ ಮನೆಯಲ್ಲಿ ಎರಡೂ ಲೈನ್ ಇವೆ, ಎರಡು ಬಿಲ್ಲೂ ಕಟ್ಟುತ್ತಿದ್ದೇವೆ. ನಂಬರ್ ಉಳಿಸಿಕೊಳ್ಳಲಿಕ್ಕೆ ಕೊಡುವ ಬಾಡಿಗೆ ಇದು. ತಂತಿ ಕೊಟ್ಟ ಕಂಪನಿಯೇ ಫೈಬರ್ ಕೊಡುವ ಕಡೆ ಹಳೆ ನಂಬರ್ ಉಳಿಸಿಕೊಡುವುದುಂಟು, ಆದರೆ ನಾವೇ ಕೇಳಬೇಕು. ಹಾಗೆ ಬದಲಿಸುವವರು ಅರ್ಜಿಯಲ್ಲಿ "ಹಳೆ ನಂಬರೇ ಬೇಕು" ಅಂತ ಬರೆದು, ಸಹಿ, ಸಿಕ್ಕಾ ಹಾಕಿದ ಪ್ರತಿ ಇಸಿದುಕೊಳ್ಳಲಿ. ಹೊಸ ಡಬ್ಬಿಯಲ್ಲಿ ಹಳೆ ನಂಬರ್ ರಿಂಗ್ ಆಗುವವರೆಗೆ ಹಳೆ ಲೈನ್ ಬಿಟ್ಟುಕೊಡುವ ಸರೆಂಡರ್ ಫಾರ್ಮಿಗೆ ಕೈ ಹಚ್ಚಬೇಡಿ.

— ಒಬ್ಬ ಓದುಗ, ವಿಜಯಪುರ